ಹಳೆಯ ಫ್ಲ್ಯಾಶ್‌ಗೆ ಹೊಸ ಸೆಲ್

ಕ್ಯಾಮೆರಾದ ಎಲೆಕ್ಟ್ರಾನಿಕ್ ಫ್ಲ್ಯಾಶ್‌ನಲ್ಲಿ ಎಲ್ಲಕ್ಕಿಂತ ಮೊದಲು ಕೈಕೊಡುವುದು ಅದರ ಸೆಲ್. 1970 ಮತ್ತು 80ರ ದಶಕಗಳಲ್ಲಿ ತಯಾರಾದ ಎಷ್ಟೋ ಫ್ಲ್ಯಾಶ್‌ಗಳ ಬೆಳಕಿನ ಕೊಳವೆ, ಸರ್ಕ್ಯೂಟ್, ಸ್ವಿಚ್ಚುಗಳು ಇಂದಿಗೂ ಸುಸ್ಥಿತಿಯಲ್ಲಿವೆ. ಅವುಗಳ ಜೊತೆ ಬಂದ ರೀಚಾರ್ಜಬಲ್ ಸೆಲ್‌ಗಳು ಮಾತ್ರ ಎಂದೋ ಸತ್ತುಹೋಗಿವೆ. ಸೆಲ್ ಸತ್ತ ಫ್ಲ್ಯಾಶನ್ನು ಕೆಟ್ಟ ಫ್ಲ್ಯಾಶ್ ಎಂದೇ ತಿಳಿದು ಮೂಲೆಗೆ ಹಾಕುವುದು ರೂಢಿ. ಅಂಥ ಅನೇಕ ಫ್ಲ್ಯಾಶ್‌ಗಳನ್ನು ಕೆಲವು ನೂರು ರೂಪಾಯಿಯ ಸೆಲ್‌ಗಳಿಂದ ಮತ್ತೆ ಬೆಳಗಿಸಬಹುದು. ಅದಕ್ಕೆ ಬೇಕಾದದ್ದು ಸರಿಯಾದ ಸೆಲ್‌ನ ಆಯ್ಕೆ, ಸರಿಯಾದ ಚಾರ್ಜಿಂಗ್ ಮತ್ತು ಫ್ಲ್ಯಾಶ್ ಒಳಗೆ ಅಡಗಿರುವ ಅಪಾಯದ ಅರಿವು.

ಫ್ಲ್ಯಾಶ್ ಒಳಗಿನ ಕೆಲಸ

ಇಂದಿನ ಎಲೆಕ್ಟ್ರಾನಿಕ್ ಫ್ಲ್ಯಾಶ್‌ಗೆ ತಳಹದಿ ಬಿದ್ದದ್ದು ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ. ಅಲ್ಲಿನ ಎಂಜಿನಿಯರ್ ಹೆರಾಲ್ಡ್ ಎಜರ್ಟನ್ 1931ರಲ್ಲಿ, ತಿರುಗುವ ಯಂತ್ರಗಳ ಚಲನೆಯನ್ನು ನೋಡಲೆಂದು ಅನಿಲ ತುಂಬಿದ ಕೊಳವೆಯನ್ನು ಕ್ಷಣಮಾತ್ರ ಬೆಳಗಿಸುವ ಸಾಧನವನ್ನು ರೂಪಿಸಿದರು. ಅದಕ್ಕೂ ಮೊದಲು ಛಾಯಾಗ್ರಾಹಕರು ಮೆಗ್ನೀಸಿಯಂ ಪುಡಿಯನ್ನು ಹೊತ್ತಿಸುತ್ತಿದ್ದರು, ಇಲ್ಲವೇ ಒಂದೇ ಸಲ ಬಳಸಿ ಎಸೆಯುವ ಬಲ್ಬುಗಳನ್ನು ನೆಚ್ಚಿಕೊಂಡಿದ್ದರು. ಎಲೆಕ್ಟ್ರಾನಿಕ್ ಫ್ಲ್ಯಾಶ್‌ನ ಕೊಳವೆ ಸಾವಿರಾರು ಸಲ ಬೆಳಗುತ್ತದೆ. ಆದರೆ ಪ್ರತಿ ಸಲವೂ ಅದಕ್ಕೆ ದೊಡ್ಡ ಪ್ರಮಾಣದ ವಿದ್ಯುತ್ತನ್ನು ಒದಗಿಸಬೇಕು.

ಈ ಕೊಳವೆಯಲ್ಲಿರುವುದು ಝೆನಾನ್ ಅನಿಲ. ಅದು ಬೆಳಗಲು ಸುಮಾರು 300 ವೋಲ್ಟ್ ಬೇಕು. ಸೆಲ್‌ಗಳು ಕೊಡುವುದು ಐದಾರು ವೋಲ್ಟ್ ಮಾತ್ರ. ಹೀಗಾಗಿ ಫ್ಲ್ಯಾಶ್‌ನೊಳಗಿನ ಇನ್ವರ್ಟರ್ ಸರ್ಕ್ಯೂಟ್ ಆ ಅಲ್ಪ ವೋಲ್ಟೇಜನ್ನು ನೂರಾರು ವೋಲ್ಟಿಗೆ ಏರಿಸಿ ಒಂದು ದೊಡ್ಡ ಕೆಪಾಸಿಟರ್‌ಗೆ ತುಂಬಿಸುತ್ತದೆ. ಸ್ವಿಚ್ ಹಾಕಿದೊಡನೆ ಕೇಳಿಬರುವ, ಬರಬರುತ್ತ ಸಣ್ಣದಾಗುವ 'ಕುಂಯ್' ಎಂಬ ಸದ್ದು ಈ ಇನ್ವರ್ಟರ್‌ನದು. ಕೊಳಾಯಿಯ ಸಣ್ಣ ಧಾರೆಯಿಂದ ಹಂಡೆ ತುಂಬಿಸಿ, ಆಮೇಲೆ ಇಡೀ ಹಂಡೆಯನ್ನು ಒಮ್ಮೆಲೇ ಮಗುಚಿದಂಥ ಕ್ರಮ ಇದು. ಸೆಲ್ ಹತ್ತು ಸೆಕೆಂಡು ದುಡಿದು ಕೂಡಿಸಿದ್ದನ್ನು ಕೊಳವೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಖರ್ಚು ಮಾಡುತ್ತದೆ.

1,000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ 330 ವೋಲ್ಟ್‌ವರೆಗೆ ತುಂಬಿದಾಗ ಅದರಲ್ಲಿ ಸುಮಾರು 54 ಜೂಲ್ ಶಕ್ತಿ ಇರುತ್ತದೆ. ಬಟನ್ ಒತ್ತಿದಾಗ ಟ್ರಿಗರ್ ಕಾಯಿಲ್ ಕೆಲವು ಸಾವಿರ ವೋಲ್ಟ್‌ನ ಸಣ್ಣ ಮಿಡಿತವನ್ನು ಕೊಳವೆಯ ಹೊರಮೈಗೆ ಕೊಡುತ್ತದೆ. ಆಗ ಒಳಗಿನ ಅನಿಲ ವಿದ್ಯುತ್ತಿಗೆ ದಾರಿ ಬಿಡುತ್ತದೆ, ಕೆಪಾಸಿಟರ್‌ನ ಶಕ್ತಿ ಬೆಳಕಾಗುತ್ತದೆ.

ಸೆಲ್ ಬದಲಿಸುವವರು ಇದರಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಖಾಲಿ ಕೆಪಾಸಿಟರನ್ನು ತುಂಬಲು ಹೊರಟ ಕ್ಷಣದಲ್ಲಿ ಇನ್ವರ್ಟರ್ ಹಲವು ಆಂಪಿಯರ್ ಕರೆಂಟ್ ಎಳೆಯುತ್ತದೆ. ಅಷ್ಟನ್ನು ಕುಸಿಯದೆ ಕೊಡಬಲ್ಲ ಸೆಲ್ಲೇ ಫ್ಲ್ಯಾಶ್‌ಗೆ ಯೋಗ್ಯ. ಎರಡನೆಯದಾಗಿ, ಸೆಲ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಪ್ರಾಣಕ್ಕೆ ಎರವಾಗುವಷ್ಟು ಚಾರ್ಜ್ ಉಳಿದಿರಬಹುದು.

ಬಗೆಬಗೆಯ ಬ್ಯಾಟರಿಗಳು

ಮೊದಮೊದಲ ಎಲೆಕ್ಟ್ರಾನಿಕ್ ಫ್ಲ್ಯಾಶ್‌ಗಳಿಗೆ ಹೆಗಲಿಗೆ ತೂಗುಹಾಕುವ ಭಾರದ ಬ್ಯಾಟರಿಗಳಿದ್ದವು. ಕೆಲವಕ್ಕೆ ಸೀಸ-ಆಮ್ಲದ ಬ್ಯಾಟರಿ, ಕೆಲವಕ್ಕೆ 240ರಿಂದ 510 ವೋಲ್ಟ್‌ವರೆಗಿನ ಒಣ ಬ್ಯಾಟರಿ. ಟ್ರಾನ್ಸಿಸ್ಟರ್ ಬಂದ ಮೇಲೆ ಇನ್ವರ್ಟರ್ ಚಿಕ್ಕದಾಯಿತು, ಬ್ಯಾಟರಿಯೂ ಫ್ಲ್ಯಾಶ್‌ನ ಹೊಟ್ಟೆಯೊಳಕ್ಕೆ ಸರಿಯಿತು. ಈಗ ಕೈಗೆ ಸಿಗುವ ಹಳೆಯ ಫ್ಲ್ಯಾಶ್‌ಗಳನ್ನು ಬ್ಯಾಟರಿಯ ದೃಷ್ಟಿಯಿಂದ ನಾಲ್ಕು ಗುಂಪು ಮಾಡಬಹುದು.

ಒಂದನೆಯ ಗುಂಪಿನವು ಅಂಗಡಿಯಲ್ಲಿ ಸಿಗುವ ಎಎ ಗಾತ್ರದ ಪೆನ್ಸಿಲ್ ಸೆಲ್‌ಗಳನ್ನು ನೇರವಾಗಿ ಹಾಕಿಕೊಳ್ಳುವಂಥವು. ನಾಲ್ಕು ಸೆಲ್‌ಗಳ ವಿವಿಟಾರ್ 283 ಇದಕ್ಕೆ ಒಳ್ಳೆಯ ಉದಾಹರಣೆ. ಇಲ್ಲಿ ಬಿಚ್ಚುವ, ಬೆಸೆಯುವ ಪ್ರಶ್ನೆಯೇ ಇಲ್ಲ.

ಎರಡನೆಯ ಗುಂಪಿನಲ್ಲಿ ಸೆಲ್‌ಗಳನ್ನು ಒಂದು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಸೇರಿಸಿ ಮುಚ್ಚಿದ ಪ್ಯಾಕ್ ಇರುತ್ತದೆ. ಜರ್ಮನಿಯ ಮೆಟ್ಸ್ ಕಂಪನಿ 1976ರಲ್ಲಿ ಹೊರತಂದ ಮೆಕಾಬ್ಲಿಟ್ಸ್ 45 ಸಿಟಿ-1 ಈ ಬಗೆಯದು. ಕ್ಯಾಮೆರಾದ ಪಕ್ಕದಲ್ಲಿ ಹಿಡಿಕೆಯಂತೆ ನಿಲ್ಲುವ ಈ ಫ್ಲ್ಯಾಶ್ ಪತ್ರಿಕಾ ಛಾಯಾಗ್ರಾಹಕರ ಮತ್ತು ಮದುವೆ ಫೋಟೊ ತೆಗೆಯುವವರ ನೆಚ್ಚಿನ ಸಾಧನವಾಗಿತ್ತು. ಅದಕ್ಕೆ ಆರು ಪೆನ್ಸಿಲ್ ಸೆಲ್ ಹಿಡಿಸುವ ಬುಟ್ಟಿಯನ್ನೂ ಹಾಕಬಹುದು, 7.2 ವೋಲ್ಟ್‌ನ ರೀಚಾರ್ಜಬಲ್ ಪ್ಯಾಕನ್ನೂ ಹಾಕಬಹುದು.

ಮೂರನೆಯ ಗುಂಪಿನವು ಸೆಲ್‌ಗಳನ್ನು ಫ್ಲ್ಯಾಶ್‌ನ ಒಳಗೇ ಬೆಸೆದು ಮುಚ್ಚಿರುವಂಥವು. ಇವುಗಳ ಹೊರಮೈಯಲ್ಲಿ ಚಾರ್ಜರ್ ಚುಚ್ಚುವ ತೂತು ಮಾತ್ರ ಇರುತ್ತದೆ, ಸೆಲ್‌ನ ಬಾಗಿಲು ಇರುವುದಿಲ್ಲ. ನಾಲ್ಕನೆಯ ಗುಂಪು ದೊಡ್ಡ ಫ್ಲ್ಯಾಶ್‌ಗಳದು. ಮೆಟ್ಸ್‌ನ 60 ಶ್ರೇಣಿಯ ಹಳೆಯ ಮಾದರಿಗಳಂತೆ ಹೆಗಲ ಚೀಲದಲ್ಲಿ ಸೀಸದ ಜೆಲ್ ಬ್ಯಾಟರಿ ಇರುವಂಥವು.

ನಿಕಲ್-ಕ್ಯಾಡ್ಮಿಯಂ ಸೆಲ್ ಸಾಯುವ ಬಗೆ

ಎರಡನೆಯ ಮತ್ತು ಮೂರನೆಯ ಗುಂಪುಗಳ ಹಳೆಯ ಫ್ಲ್ಯಾಶ್‌ಗಳಲ್ಲಿ ಇರುವುದು ಹೆಚ್ಚಾಗಿ ನಿಕಲ್-ಕ್ಯಾಡ್ಮಿಯಂ ಸೆಲ್. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಇದನ್ನು ರೂಪಿಸಿದರು. 1940ರ ದಶಕದ ಕೊನೆಯಲ್ಲಿ, ಒಳಗಿನ ಅನಿಲ ಹೊರಬಾರದಂತೆ ಮುಚ್ಚಿದ ಸೆಲ್ ತಯಾರಿಸುವ ವಿಧಾನ ತಿಳಿದ ಮೇಲೆ ಇದು ಸಣ್ಣ ಉಪಕರಣಗಳಿಗೂ ಬಂತು. ಒಂದು ಸೆಲ್‌ನ ವೋಲ್ಟೇಜ್ 1.2. ಒಳಗಿನ ದ್ರವ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಎಂಬ ತೀಕ್ಷ್ಣ ಕ್ಷಾರ.

ಸಾಮಾನ್ಯ ಅಲ್ಕಲೈನ್ ಸೆಲ್ 1.5 ವೋಲ್ಟ್ ಕೊಡುವಾಗ 1.2 ವೋಲ್ಟ್‌ನ ಸೆಲ್ ಫ್ಲ್ಯಾಶನ್ನು ಬೇಗ ತುಂಬಿಸುವುದು ಹೇಗೆ ಎಂಬ ಪ್ರಶ್ನೆ ಸಹಜ. ಉತ್ತರ ಇರುವುದು ಸೆಲ್‌ನ ಆಂತರಿಕ ರೋಧದಲ್ಲಿ. ಹೊಸ ಅಲ್ಕಲೈನ್ ಪೆನ್ಸಿಲ್ ಸೆಲ್ಲಿನ ರೋಧ ಸುಮಾರು 0.15 ಓಮ್ ಎಂದುಕೊಂಡರೆ ನಾಲ್ಕು ಸೆಲ್ಲಿಗೆ 0.6 ಓಮ್ ಆಯಿತು. 3 ಆಂಪಿಯರ್ ಎಳೆದಾಗ 1.8 ವೋಲ್ಟ್ ಸೆಲ್‌ನೊಳಗೇ ಕರಗಿ, 6 ವೋಲ್ಟ್ ಇದ್ದದ್ದು 4.2ಕ್ಕೆ ಇಳಿಯುತ್ತದೆ. ನಿಕಲ್ ಜಾತಿಯ ರೀಚಾರ್ಜಬಲ್ ಸೆಲ್‌ಗಳ ರೋಧ ಇದರ ಐದನೆಯ ಒಂದು ಭಾಗದಷ್ಟು. ಅದೇ ಕರೆಂಟಿಗೆ 4.8 ವೋಲ್ಟ್ 4.4ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಲ್ಕಲೈನ್ ಸೆಲ್ ಬಳಸಿದಷ್ಟೂ ಅದರ ರೋಧ ಏರುತ್ತ ಹೋಗುವುದರಿಂದ ಅಂತರ ಇನ್ನಷ್ಟು ಹಿಗ್ಗುತ್ತದೆ.

ಈ ಸೆಲ್ ಸಾಯುವುದಕ್ಕೆ ಹಲವು ಕಾರಣಗಳಿವೆ. ವರ್ಷಗಟ್ಟಲೆ ಖಾಲಿಯಾಗಿ ಬಿದ್ದಿದ್ದರೆ ಕ್ಯಾಡ್ಮಿಯಂನ ಸೂಕ್ಷ್ಮ ಹರಳುಗಳು ಬೆಳೆದು, ಒಳಗಿನ ಎರಡು ಪದರಗಳ ನಡುವಿನ ತೆರೆಯನ್ನು ತೂರಿಕೊಂಡು ಹೋಗುತ್ತವೆ. ಆಗ ಸೆಲ್ ಒಳಗೊಳಗೇ ಶಾರ್ಟ್ ಆಗಿ, ಮೀಟರ್ ಸೊನ್ನೆ ತೋರಿಸುತ್ತದೆ. ದಿನಗಟ್ಟಲೆ ಚಾರ್ಜರ್‌ನಲ್ಲೇ ಬಿಟ್ಟರೆ ದ್ರವ ಒಣಗುತ್ತದೆ. ಮುಚ್ಚಳದ ಸೀಲು ಸಡಿಲವಾದರೆ ಕ್ಷಾರ ಹೊರಗೆ ಜಿನುಗಿ ಬಿಳಿಯ ಪುಡಿಯಾಗಿ, ತಾಮ್ರದ ಮೇಲೆ ಹಸಿರು ಕಿಲುಬಾಗಿ ಕಾಣಿಸಿಕೊಳ್ಳುತ್ತದೆ.

ಶಾರ್ಟ್ ಆದ ಸೆಲ್ಲಿಗೆ ಒಂದು ಕ್ಷಣ ಭಾರಿ ಕರೆಂಟ್ ಹಾಯಿಸಿ ಆ ಹರಳುಗಳನ್ನು ಸುಟ್ಟು ಎಬ್ಬಿಸುವ ವಿದ್ಯೆಯೊಂದು ರಿಪೇರಿಯವರಲ್ಲಿ ಚಾಲ್ತಿಯಲ್ಲಿತ್ತು. ಹಾಗೆ ಎದ್ದ ಸೆಲ್ ಹೆಚ್ಚು ದಿನ ಬಾಳುವುದಿಲ್ಲ. ತೆರೆಯಲ್ಲಿ ತೂತು ಉಳಿದೇ ಇರುವುದರಿಂದ ಹರಳು ಮತ್ತೆ ಬೆಳೆಯುತ್ತದೆ.

ದೋಷ ಸೆಲ್ಲಿನದೋ, ಫ್ಲ್ಯಾಶಿನದೋ

ಸೆಲ್ ಕೊಳ್ಳುವ ಮೊದಲು ಫ್ಲ್ಯಾಶ್ ಬದುಕಿದೆಯೇ ಎಂದು ನೋಡಬೇಕು. ಎಎ ಸೆಲ್ ಹಾಕುವ ಫ್ಲ್ಯಾಶ್‌ಗೆ ಹೊಸ ಅಲ್ಕಲೈನ್ ಸೆಲ್ ಹಾಕಿದರೆ ಸಾಕು, ಗೊತ್ತಾಗುತ್ತದೆ. ಪ್ಯಾಕ್ ಇರುವುದಾದರೆ ಅದರ ಬದಲು ಸೆಲ್ ಬುಟ್ಟಿ ಸಿಗುತ್ತದೆಯೇ ನೋಡಬೇಕು. ಮನೆಯ ಕರೆಂಟಿನಿಂದ ನಡೆಯುವ ಅಡಾಪ್ಟರ್ ಇದ್ದರೆ ಅದನ್ನು ಹಾಕಿ ಪರೀಕ್ಷಿಸಬಹುದು. ಆದರೆ ಸೆಲ್ ಒಳಗೇ ಬೆಸೆದಿರುವ ಫ್ಲ್ಯಾಶ್‌ಗಳಲ್ಲಿ ಶಾರ್ಟ್ ಆದ ಸೆಲ್ ಅಡಾಪ್ಟರ್‌ನ ಕರೆಂಟನ್ನೂ ನುಂಗಿಬಿಡುವುದರಿಂದ ಈ ಪರೀಕ್ಷೆಯನ್ನು ಪೂರ್ತಿ ನಂಬುವಂತಿಲ್ಲ.

ಪರೀಕ್ಷೆಯ ವೇಳೆ ಕಿವಿ ಮತ್ತು ಕಣ್ಣು ಎರಡೂ ಕೆಲಸಕ್ಕೆ ಬರುತ್ತವೆ. ಇನ್ವರ್ಟರ್‌ನ ಸದ್ದೇ ಬರದಿದ್ದರೆ ಸೆಲ್ ಕೂರುವ ಜಾಗದ ಲೋಹದ ತುದಿಗಳಿಗೆ ಕಿಲುಬು ಹಿಡಿದಿರಬಹುದು, ಸ್ವಿಚ್ ಅಥವಾ ಇನ್ವರ್ಟರ್‌ನ ಟ್ರಾನ್ಸಿಸ್ಟರ್ ಹೋಗಿರಬಹುದು. ಸದ್ದು ಬಂದರೂ, ಫ್ಲ್ಯಾಶ್ ತುಂಬಿದೆ ಎಂದು ತೋರಿಸುವ ರೆಡಿ ದೀಪ ಹತ್ತದಿದ್ದರೆ ಸೆಲ್ ಸಾಲದಾಗಿರಬಹುದು, ಇಲ್ಲವೇ ಕೆಪಾಸಿಟರ್ ತನ್ನೊಳಗೇ ಚಾರ್ಜ್ ಸೋರಿಸುತ್ತಿರಬಹುದು. ದೀಪ ಹತ್ತಿಯೂ ಟೆಸ್ಟ್ ಬಟನ್ನಿಗೆ ಬೆಳಕು ಬರದಿದ್ದರೆ ಟ್ರಿಗರ್ ಭಾಗದಲ್ಲೋ ಕೊಳವೆಯಲ್ಲೋ ದೋಷ ಇದೆ. ಸೆಲ್ ಬದಲಿಸಿ ಪ್ರಯೋಜನವಿಲ್ಲ. ಟೆಸ್ಟ್ ಬಟನ್ನಿಗೆ ಬೆಳಗಿ, ಕ್ಯಾಮೆರಾಕ್ಕೆ ಹಾಕಿದಾಗ ಬೆಳಗದಿದ್ದರೆ ಕ್ಯಾಮೆರಾದ ಸನ್ನೆಯನ್ನು ಫ್ಲ್ಯಾಶಿಗೆ ತರುವ ಸಿಂಕ್ ತಂತಿಯನ್ನು ಮೊದಲು ಅನುಮಾನಿಸಬೇಕು.

ಸೆಲ್‌ನ ಆಯ್ಕೆ

ಬದಲಿ ಸೆಲ್ ಆರಿಸುವಾಗ ಮೊದಲು ನೋಡಬೇಕಾದದ್ದು ವೋಲ್ಟೇಜ್. ಹಳೆಯ ಪ್ಯಾಕಿನಲ್ಲಿ ಎಷ್ಟು ಸೆಲ್ ಇದ್ದವೋ ಹೊಸದರಲ್ಲೂ ಅಷ್ಟೇ ಇರಬೇಕು: 4.8 ವೋಲ್ಟಿಗೆ ನಾಲ್ಕು, 6 ವೋಲ್ಟಿಗೆ ಐದು, 7.2ಕ್ಕೆ ಆರು. ಒಂದು ಸೆಲ್ ಹೆಚ್ಚಿಗೆ ಸೇರಿಸಿದರೆ ಫ್ಲ್ಯಾಶ್ ಬೇಗ ತುಂಬೀತು, ಇನ್ವರ್ಟರ್ ಕೂಡ ಬೇಗ ಸುಟ್ಟೀತು.

ಆಮೇಲೆ ಗಾತ್ರ. ಎಎ ಸೆಲ್ 14.5 ಮಿ.ಮೀ. ದಪ್ಪ, 50.5 ಮಿ.ಮೀ. ಉದ್ದ. ಹಳೆಯ ಪ್ಯಾಕುಗಳಲ್ಲಿ ಇದಲ್ಲದೆ ಸುಮಾರು 22 ಮಿ.ಮೀ. ದಪ್ಪ, 43 ಮಿ.ಮೀ. ಉದ್ದದ ಸಬ್-ಸಿ ಸೆಲ್‌ಗಳೂ ಕಾಣಸಿಗುತ್ತವೆ. ಕಾರ್ಡ್‌ಲೆಸ್ ಡ್ರಿಲ್‌ಗಳಲ್ಲಿ ಇದ್ದದ್ದೂ ಇವೇ. ಹಳೆಯ ಸೆಲ್ಲನ್ನು ಸ್ಕೇಲಿನಿಂದಲ್ಲ, ಕ್ಯಾಲಿಪರ್‌ನಿಂದ ಅಳೆಯುವುದು ಒಳ್ಳೆಯದು. ಅರ್ಧ ಮಿಲಿಮೀಟರ್ ಹೆಚ್ಚಾದರೂ ಪೆಟ್ಟಿಗೆಯ ಮುಚ್ಚಳ ಕೂರುವುದಿಲ್ಲ. ಪ್ಯಾಕ್ ಕಟ್ಟಲು ಪ್ಲಸ್ ತುದಿಯಲ್ಲಿ ಗುಂಡಿ ಇಲ್ಲದ ಚಪ್ಪಟೆ ಸೆಲ್‌ಗಳು, ಅದರಲ್ಲೂ ನಿಕಲ್ ಪಟ್ಟಿಯನ್ನು ಮೊದಲೇ ಬೆಸೆದಿರುವಂಥವು ಅನುಕೂಲ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಇಂಥ ಸೆಲ್‌ಗಳನ್ನು ಹುಡುಕಬಹುದು.

ಮೂರನೆಯದು ಸೆಲ್‌ನ ಜಾತಿ. ಇಂದು ಸಹಜ ಆಯ್ಕೆ ನಿಕಲ್-ಮೆಟಲ್ ಹೈಡ್ರೈಡ್. ಇದರ ವೋಲ್ಟೇಜೂ 1.2, ಆಂತರಿಕ ರೋಧವೂ ಕಡಿಮೆ, ಕ್ಯಾಡ್ಮಿಯಂನ ವಿಷ ಇಲ್ಲ. 1980ರ ದಶಕದ ಎಎ ನಿಕಲ್-ಕ್ಯಾಡ್ಮಿಯಂ ಸೆಲ್‌ನ ಸಾಮರ್ಥ್ಯ 500ರಿಂದ 600 ಎಂಎಎಚ್ (ಮಿಲಿಆಂಪಿಯರ್-ಅವರ್). ಈಗಿನ ಹೈಡ್ರೈಡ್ ಸೆಲ್‌ನದು 2,000ದ ಆಸುಪಾಸು. 54 ಜೂಲ್‌ನ ಫ್ಲ್ಯಾಶ್‌ನಲ್ಲಿ ಇನ್ವರ್ಟರ್‌ನ ನಷ್ಟವನ್ನೂ ಸೇರಿಸಿ ಪ್ರತಿ ಮಿಂಚಿಗೆ 90 ಜೂಲ್ ಖರ್ಚು ಎಂದು ಹಿಡಿದರೆ, 500 ಎಂಎಎಚ್‌ನ ನಾಲ್ಕು ಸೆಲ್‌ಗಳಿಂದ ಲೆಕ್ಕದಲ್ಲಿ ಸುಮಾರು 95 ಪೂರ್ಣ ಮಿಂಚುಗಳು ಸಿಗುತ್ತವೆ, 2,000 ಎಂಎಎಚ್‌ನವುಗಳಿಂದ ಅದರ ನಾಲ್ಕು ಪಟ್ಟು.

ಹಾಗೆಂದು ಲೇಬಲ್ಲಿನ ಮೇಲೆ ಅತಿ ದೊಡ್ಡ ಸಂಖ್ಯೆ ಇರುವ ಸೆಲ್ಲೇ ಒಳ್ಳೆಯದಲ್ಲ. ಮೊದಲ ಪೀಳಿಗೆಯ ಹೈಡ್ರೈಡ್ ಸೆಲ್‌ಗಳು ಸುಮ್ಮನೆ ಇಟ್ಟರೂ ತಿಂಗಳಿಗೆ ಶೇ 20ರಿಂದ 30ರಷ್ಟು ಚಾರ್ಜ್ ಕಳೆದುಕೊಳ್ಳುತ್ತಿದ್ದವು. ಜಪಾನಿನ ಸ್ಯಾನ್ಯೊ ಕಂಪನಿ 2005ರಲ್ಲಿ ಎನೆಲೂಪ್ ಎಂಬ ಹೆಸರಿನಲ್ಲಿ ತಂದ ಸೆಲ್ ಈ ಕೊರತೆಯನ್ನು ನೀಗಿಸಿತು. ವರ್ಷದ ನಂತರವೂ ಶೇ 85ರಷ್ಟು ಚಾರ್ಜ್ ಉಳಿಯುತ್ತದೆ ಎಂಬುದು ಅದರ ಹೆಗ್ಗಳಿಕೆಯಾಗಿತ್ತು. ಇಂಥ 'ಕಡಿಮೆ ಸೋರಿಕೆ'ಯ ಸೆಲ್‌ಗಳನ್ನು ಈಗ ಅನೇಕ ಕಂಪನಿಗಳು ತಯಾರಿಸುತ್ತವೆ. ಅಪರೂಪಕ್ಕೆ ಬಳಸುವ ಹಳೆಯ ಫ್ಲ್ಯಾಶ್‌ಗೆ 2,600 ಎಂಎಎಚ್ ಎಂದು ಬರೆದ ಸೆಲ್ಲಿಗಿಂತ 1,900ರಿಂದ 2,000 ಎಂಎಎಚ್‌ನ ಈ ಬಗೆಯ ಸೆಲ್ ಮೇಲು.

ಹಾಕಲೇಬಾರದ ಸೆಲ್ ಒಂದಿದೆ. 14500 ಎಂಬ ಸಂಖ್ಯೆಯ ಲಿಥಿಯಂ-ಅಯಾನ್ ಸೆಲ್ ಎಎ ಸೆಲ್‌ನಷ್ಟೇ ಗಾತ್ರದ್ದು, ಆದರೆ ಅದರ ವೋಲ್ಟೇಜ್ 3.7. ನಾಲ್ಕನ್ನು ಹಾಕಿದರೆ 14.8 ವೋಲ್ಟ್ ನುಗ್ಗಿ ಇನ್ವರ್ಟರ್ ಸುಟ್ಟುಹೋಗುತ್ತದೆ. ಅದನ್ನು ಹಳೆಯ ನಿಕಲ್ ಚಾರ್ಜರ್‌ನಿಂದ ಚಾರ್ಜ್ ಮಾಡಹೊರಟರೆ ಬೆಂಕಿಯ ಅಪಾಯವೂ ಇದೆ. 1.6 ವೋಲ್ಟ್‌ನ ನಿಕಲ್-ಝಿಂಕ್ ಸೆಲ್‌ಗಳೂ ಫ್ಲ್ಯಾಶನ್ನು ಚುರುಕಾಗಿಸುತ್ತವೆ. ಆದರೆ ಹಳೆಯ ಸರ್ಕ್ಯೂಟಿನ ಮೇಲೆ ಹೆಚ್ಚಿನ ಹೊರೆ ಹೇರುತ್ತವೆ.

ಪ್ಯಾಕಿನಲ್ಲಿ ಒಂದೇ ಸೆಲ್ ಸತ್ತಿದ್ದರೂ ಎಲ್ಲವನ್ನೂ ಒಟ್ಟಿಗೆ, ಒಂದೇ ಕಂಪನಿಯ ಒಂದೇ ಮಾದರಿಯ ಸೆಲ್‌ಗಳಿಂದ ಬದಲಿಸಬೇಕು. ಸಾಲಿನಲ್ಲಿರುವ ದುರ್ಬಲ ಸೆಲ್ ಮೊದಲು ಖಾಲಿಯಾಗುತ್ತದೆ. ಉಳಿದವು ಇನ್ನೂ ಕರೆಂಟ್ ನೂಕುತ್ತಲೇ ಇರುವುದರಿಂದ ಅದರ ಪ್ಲಸ್-ಮೈನಸ್ ತಲೆಕೆಳಗಾಗಿ ಅದು ಬೇಗನೆ ಕೆಡುತ್ತದೆ.

ಮೊದಲು ಕೆಪಾಸಿಟರ್

ಪ್ಯಾಕನ್ನು ಹೊರಗೆ ತೆಗೆದು ಬಿಚ್ಚುವುದರಲ್ಲಿ ಹೆಚ್ಚಿನ ವೋಲ್ಟೇಜಿನ ಭಯವಿಲ್ಲ. ಫ್ಲ್ಯಾಶ್‌ನ ಮೈಯನ್ನೇ ಬಿಚ್ಚಬೇಕಾದರೆ ಮಾತ್ರ ಕೆಲಸದ ಸ್ವರೂಪವೇ ಬದಲಾಗುತ್ತದೆ. 330 ವೋಲ್ಟ್‌ಗೆ ತುಂಬಿದ ಕೆಪಾಸಿಟರ್‌ನ ಚಾರ್ಜ್ ಒಂದು ಕೈಯಿಂದ ಇನ್ನೊಂದು ಕೈಗೆ ಹರಿದರೆ ಹೃದಯದ ಬಡಿತ ನಿಲ್ಲಬಹುದು. ರೆಡಿ ದೀಪ ಆರಿದೆ ಎಂದರೆ ಚಾರ್ಜ್ ಇಲ್ಲ ಎಂದಲ್ಲ. ನೂರಾರು ವೋಲ್ಟ್ ಉಳಿದಿರುವಾಗಲೇ ಆ ದೀಪ ಆರುತ್ತದೆ.

ಬಿಚ್ಚುವ ಮೊದಲು ಫ್ಲ್ಯಾಶನ್ನು ಪೂರ್ಣ ಶಕ್ತಿಯಲ್ಲಿ ಒಮ್ಮೆ ಬೆಳಗಿಸಿ, ಕೂಡಲೇ ಸ್ವಿಚ್ ಆರಿಸಿ, ಸೆಲ್ ತೆಗೆದು ಒಂದೆರಡು ದಿನ ಹಾಗೇ ಬಿಡುವುದು ಕ್ಷೇಮ. ಬಿಚ್ಚಿದ ಮೇಲೆ ಯಾವ ಭಾಗವನ್ನೂ ಮುಟ್ಟದೆ, ಡಿ.ಸಿ. 600 ವೋಲ್ಟ್ ಅಥವಾ ಅದಕ್ಕೂ ಮೇಲಿನ ರೇಂಜ್‌ನಲ್ಲಿಟ್ಟ ಮಲ್ಟಿಮೀಟರ್‌ನಿಂದ ಕೆಪಾಸಿಟರ್‌ನ ಎರಡು ತುದಿಗಳ ನಡುವೆ ಅಳೆಯಬೇಕು. ವೋಲ್ಟೇಜ್ ಇದ್ದರೆ 2,000 ಓಮ್, 10 ವಾಟ್‌ನ ತಂತಿ ಸುತ್ತಿದ ರೆಸಿಸ್ಟರ್ ಒಂದನ್ನು ಚೆನ್ನಾಗಿ ಇನ್ಸುಲೇಟ್ ಮಾಡಿದ ತಂತಿಗಳಿಂದ ಆ ತುದಿಗಳಿಗೆ ಹಿಡಿಯಬೇಕು. 1,000 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇದರ ಮೂಲಕ ಹತ್ತು ಸೆಕೆಂಡಿನಲ್ಲಿ ಎರಡು-ಮೂರು ವೋಲ್ಟಿಗೆ ಇಳಿಯುತ್ತದೆ. ಆಮೇಲೆ ಮತ್ತೆ ಅಳೆದು ಖಚಿತ ಮಾಡಿಕೊಳ್ಳಬೇಕು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ಪದ್ಧತಿ ಕೆಟ್ಟದ್ದು. ಲೋಹ ಕರಗಿ ಕಣ್ಣಿಗೆ ಸಿಡಿಯಬಹುದು, ಕೆಪಾಸಿಟರ್ ಕೂಡ ಹಾಳಾಗಬಹುದು.

ವಿದ್ಯುತ್ ಸರ್ಕ್ಯೂಟಿನ ಅನುಭವ ಇಲ್ಲದವರು ಸೆಲ್ ಒಳಗೇ ಬೆಸೆದಿರುವ ಫ್ಲ್ಯಾಶ್‌ಗಳನ್ನು ತಾವೇ ಬಿಚ್ಚಬಾರದು. ಆ ಕೆಲಸ ಬಲ್ಲ ರಿಪೇರಿಯವರ ಕೈಗೇ ಅದನ್ನು ಒಪ್ಪಿಸಬೇಕು.

ಪ್ಯಾಕ್ ಕಟ್ಟುವ ಕ್ರಮ

ಪ್ಯಾಕಿನ ಪೆಟ್ಟಿಗೆಗೆ ಸ್ಕ್ರೂ ಇದ್ದರೆ ಕೆಲಸ ಸುಲಭ. ಅಂಟಿಸಿದ್ದಾದರೆ ಜೋಡಣೆಯ ಗೆರೆಯ ಗುಂಟ ತೆಳುವಾದ ಬ್ಲೇಡನ್ನು ನಿಧಾನವಾಗಿ ಒತ್ತುತ್ತ ಬಿಡಿಸಬೇಕು. ಬ್ಲೇಡ್ ಆಳಕ್ಕೆ ಇಳಿದು ಸೆಲ್ಲಿಗೆ ತಾಗಬಾರದು. ತೆರೆದ ಕೂಡಲೇ ಸೆಲ್‌ಗಳ ಜೋಡಣೆಯ ಫೋಟೊ ತೆಗೆದಿಟ್ಟುಕೊಳ್ಳಬೇಕು. ಯಾವ ಸೆಲ್ಲಿನ ಪ್ಲಸ್ ಯಾವುದರ ಮೈನಸ್ಸಿಗೆ ಸೇರಿದೆ, ಯಾವ ತಂತಿ ಎಲ್ಲಿಂದ ಹೊರಡುತ್ತದೆ ಎಂಬುದು ಅದರಲ್ಲಿ ಸ್ಪಷ್ಟವಾಗಿರಬೇಕು. ಕೆಲವು ಪ್ಯಾಕುಗಳಲ್ಲಿ ಸೆಲ್‌ಗಳ ಜೊತೆ ಫ್ಯೂಸ್, ಬಿಸಿಯೇರಿದಾಗ ಕರೆಂಟ್ ಕಡಿಯುವ ಸಣ್ಣ ಬಿಲ್ಲೆ ಅಥವಾ ಚಾರ್ಜಿಂಗ್‌ಗೆ ಬೇಕಾದ ಡಯೋಡ್ ಇರುತ್ತದೆ. ಅವನ್ನು ಎಸೆಯದೆ ಹೊಸ ಪ್ಯಾಕಿನಲ್ಲೂ ಅದೇ ಜಾಗಕ್ಕೆ ಹಾಕಬೇಕು.

ಸೋರಿದ ಸೆಲ್‌ಗಳನ್ನು ಬರಿಗೈಯಿಂದ ಮುಟ್ಟಬಾರದು. ಗ್ಲೌಸ್ ಮತ್ತು ಕನ್ನಡಕ ಇರಲಿ. ನಿಕಲ್ ಮತ್ತು ಅಲ್ಕಲೈನ್ ಸೆಲ್‌ಗಳಿಂದ ಸೋರುವುದು ಕ್ಷಾರವಾದ್ದರಿಂದ, ನೀರು ಬೆರೆಸಿದ ವಿನೆಗರ್ ಅಥವಾ ನಿಂಬೆರಸದಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕು. ಸೀಸದ ಬ್ಯಾಟರಿಯಿಂದ ಸೋರುವುದು ಆಮ್ಲ. ಅದಕ್ಕೆ ಅಡುಗೆ ಸೋಡಾ ಬೆರೆಸಿದ ನೀರು ಬೇಕು. ಕೊನೆಗೆ ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ ಒಣಗಿಸಬೇಕು. ಕಿಲುಬು ಹಿಡಿದ ಲೋಹದ ತುದಿಗಳನ್ನು ಪೆನ್ಸಿಲ್ ರಬ್ಬರಿನಿಂದಲೋ ನುಣುಪಾದ ಮರಳು ಕಾಗದದಿಂದಲೋ ಹೊಳಪು ಬರುವವರೆಗೆ ಉಜ್ಜಬೇಕು. ಹಲವು ಆಂಪಿಯರ್ ಹರಿಯುವ ಜಾಗದಲ್ಲಿ ಸ್ವಲ್ಪ ಕಿಲುಬು ಉಳಿದರೂ ಹೊಸ ಸೆಲ್ ಹಾಕಿದ ಲಾಭವೆಲ್ಲ ಅಲ್ಲೇ ನಷ್ಟವಾಗುತ್ತದೆ.

ಸೆಲ್‌ನ ಮೈಗೆ ನೇರವಾಗಿ ಸೋಲ್ಡರ್ ಮಾಡಬಾರದು. ಆ ಬಿಸಿಗೆ ಮುಚ್ಚಳದ ಸೀಲು ಮತ್ತು ಒಳಗಿನ ತೆರೆ ಕರಗಿ ಸೆಲ್‌ನ ಆಯುಸ್ಸು ಶುರುವಿನಲ್ಲೇ ಕುಗ್ಗುತ್ತದೆ. ಕಾರ್ಖಾನೆಯಲ್ಲಿ ನಿಕಲ್ ಪಟ್ಟಿಗಳನ್ನು ಸೆಲ್ಲಿಗೆ ಸ್ಪಾಟ್ ವೆಲ್ಡಿಂಗ್ ಮಾಡುವುದು ಇದೇ ಕಾರಣಕ್ಕೆ. ಪಟ್ಟಿ ಇರುವ ಸೆಲ್ ಕೊಂಡರೆ ಪಟ್ಟಿಯ ತುದಿಗಳನ್ನಷ್ಟೇ ಒಂದಕ್ಕೊಂದು ಸೋಲ್ಡರ್ ಮಾಡಿದರೆ ಮುಗಿಯಿತು. ಐರನ್ ಚೆನ್ನಾಗಿ ಕಾದಿರಲಿ, ಎರಡು ಮೂರು ಸೆಕೆಂಡಿನಲ್ಲಿ ಬೆಸುಗೆ ಮುಗಿಯಲಿ. ಸೆಲ್‌ಗಳ ತುದಿಗೆ ನಿರೋಧಕ ಕಾಗದದ ಬಿಲ್ಲೆ ಹಾಕಿ, ಪಟ್ಟಿಗಳು ಪಕ್ಕದ ಸೆಲ್ಲಿನ ಮೈಗೆ ತಾಗದಂತೆ ನೋಡಿಕೊಳ್ಳಬೇಕು. ಹೊರಗಿನ ತೆಳು ಪ್ಲಾಸ್ಟಿಕ್ ಹೊದಿಕೆಯನ್ನು ಬಿಟ್ಟರೆ ಸೆಲ್‌ನ ಇಡೀ ಮೈ ಮೈನಸ್ ತುದಿಯೇ.

ಪೆಟ್ಟಿಗೆ ಮುಚ್ಚುವ ಮೊದಲು ಒಟ್ಟು ವೋಲ್ಟೇಜನ್ನೂ ಪ್ಲಸ್-ಮೈನಸ್ ದಿಕ್ಕನ್ನೂ ಮೀಟರಿನಿಂದ ಪರೀಕ್ಷಿಸಬೇಕು. ಪೂರ್ತಿ ಚಾರ್ಜ್ ಆದ ಆರು ಸೆಲ್‌ಗಳ ಪ್ಯಾಕ್ 8 ವೋಲ್ಟಿಗೂ ತುಸು ಹೆಚ್ಚು ತೋರಿಸುವುದು ಸಹಜ. ದಿಕ್ಕು ತಪ್ಪಿದರೆ ಇನ್ವರ್ಟರ್ ಒಂದೇ ಕ್ಷಣದಲ್ಲಿ ಸುಡಬಹುದು. ಮತ್ತೆ ಬಿಚ್ಚುವ ಸಂದರ್ಭ ಬಂದೇ ಬರುತ್ತದಾದ್ದರಿಂದ ಗಟ್ಟಿ ಅಂಟಿಗಿಂತ ಟೇಪ್ ಸುತ್ತುವುದೇ ಮೇಲು.

ಚಾರ್ಜಿಂಗ್ ಲೆಕ್ಕ

ಸೆಲ್ ಬದಲಾದರೂ ಚಾರ್ಜರ್ ಹಳೆಯದೇ ಉಳಿದಿರುತ್ತದೆ. ಹಳೆಯ ಚಾರ್ಜರ್‌ಗಳಲ್ಲಿ ಹೆಚ್ಚಿನವು ಸೆಲ್‌ನ ಸಾಮರ್ಥ್ಯದ ಹತ್ತನೆಯ ಒಂದು ಭಾಗದಷ್ಟು ಕರೆಂಟನ್ನು 14ರಿಂದ 16 ತಾಸು ಹರಿಸುವ ಸರಳ ಸಾಧನಗಳು. 500 ಎಂಎಎಚ್‌ನ ಸೆಲ್ಲಿಗೆ 50 ಮಿಲಿಆಂಪಿಯರ್ ಕೊಡುತ್ತಿದ್ದ ಅದೇ ಚಾರ್ಜರ್ 2,000 ಎಂಎಎಚ್‌ನ ಸೆಲ್ ತುಂಬಿಸಲು 56 ತಾಸು ತೆಗೆದುಕೊಳ್ಳುತ್ತದೆ. ಅದರಿಂದ ಕೆಡುಕೇನಿಲ್ಲ, ತಾಳ್ಮೆ ಬೇಕು ಅಷ್ಟೆ. ಹಳೆಯ ಪುಸ್ತಿಕೆಯಲ್ಲಿ ಬರೆದ ಸಮಯಕ್ಕೇ ಚಾರ್ಜರ್ ಕಿತ್ತರೆ ಸೆಲ್ ಕಾಲುಭಾಗ ಮಾತ್ರ ತುಂಬಿರುತ್ತದೆ. ಹೊಸ ಸೆಲ್ಲೂ ಕೆಟ್ಟದ್ದೇ ಎಂಬ ತಪ್ಪು ತೀರ್ಮಾನಕ್ಕೆ ಎಡೆಮಾಡುವುದು ಇದೇ.

ತಾಸಿನೊಳಗೆ ತುಂಬಿಸುವ ಹಳೆಯ ಕ್ವಿಕ್ ಚಾರ್ಜರ್‌ಗಳ ಕಥೆ ಬೇರೆ. ನಿಕಲ್-ಕ್ಯಾಡ್ಮಿಯಂ ಸೆಲ್ ತುಂಬಿದಾಗ ಅದರ ವೋಲ್ಟೇಜ್ ತುಸು ಇಳಿಯುತ್ತದೆ. ಅಂಥ ಚಾರ್ಜರ್‌ಗಳಲ್ಲಿ ಹಲವು ಆ ಇಳಿತವನ್ನು ಗುರುತಿಸಿ ನಿಲ್ಲುತ್ತವೆ. ಹೈಡ್ರೈಡ್ ಸೆಲ್‌ನಲ್ಲಿ ಈ ಇಳಿತ ಇನ್ನೂ ಚಿಕ್ಕದು. ಚಾರ್ಜರ್ ಅದನ್ನು ಗಮನಿಸದೆ ಕರೆಂಟ್ ನೂಕುತ್ತಲೇ ಹೋದರೆ ಸೆಲ್ ಕಾದು ಕೆಡುತ್ತದೆ. ಆದ್ದರಿಂದ ಹೈಡ್ರೈಡ್ ಸೆಲ್‌ಗಳನ್ನು ಅವುಗಳಿಗೆಂದೇ ತಯಾರಾದ ಚಾರ್ಜರ್‌ನಲ್ಲಿ, ಸಾಧ್ಯವಾದರೆ ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ಗಮನಿಸುವ ಚಾರ್ಜರ್‌ನಲ್ಲಿ ತುಂಬಿಸಬೇಕು. ಬುಟ್ಟಿ ಹಾಕಬಹುದಾದ ಫ್ಲ್ಯಾಶ್‌ಗಳಿಗೆ ಪ್ಯಾಕ್ ಕಟ್ಟುವುದಕ್ಕಿಂತ ಬಿಡಿ ಸೆಲ್‌ಗಳೇ ಲೇಸು ಎನ್ನುವುದಕ್ಕೆ ಇದೂ ಒಂದು ಕಾರಣ. ಆದರೆ ಹಾಗೆ ಮಾಡುವ ಮೊದಲು, ಬುಟ್ಟಿಯಲ್ಲಿ ರೀಚಾರ್ಜಬಲ್ ಸೆಲ್ ಹಾಕಬಹುದೇ ಎಂದು ಆಯಾ ಮಾದರಿಯ ಪುಸ್ತಿಕೆಯಲ್ಲಿ ನೋಡಿಕೊಳ್ಳಬೇಕು.

ಸೀಸದ ಜೆಲ್ ಬ್ಯಾಟರಿಯ ಜಾಗಕ್ಕೆ ಅದೇ ವೋಲ್ಟೇಜಿನ ಮುಚ್ಚಿದ ಸೀಸದ ಬ್ಯಾಟರಿಯನ್ನೇ ಹಾಕಬೇಕು. ಅದರ ಚಾರ್ಜರ್ ನಿಗದಿತ ವೋಲ್ಟೇಜಿಗೆ ನಿಲ್ಲುವಂಥದು, ನಿಕಲ್ ಸೆಲ್‌ಗಳಿಗೆ ಹೊಂದುವುದಿಲ್ಲ. ನಿಕಲ್ ಸೆಲ್ ಖಾಲಿ ಇದ್ದರೂ ಕೆಲಕಾಲ ತಾಳುತ್ತದೆ, ಸೀಸದ ಬ್ಯಾಟರಿ ತಾಳುವುದಿಲ್ಲ. ಅದನ್ನು ಯಾವಾಗಲೂ ತುಂಬಿಸಿಯೇ ಇಡಬೇಕು.

ಕೆಪಾಸಿಟರ್‌ಗೂ ಆರೈಕೆ

ಹೊಸ ಸೆಲ್ ಹಾಕಿದೊಡನೆ ಪೂರ್ಣ ಶಕ್ತಿಯಲ್ಲಿ ಮೇಲಿಂದ ಮೇಲೆ ಬೆಳಗಿಸಬಾರದು. ಫ್ಲ್ಯಾಶ್‌ನ ಕೆಪಾಸಿಟರ್ ಎಲೆಕ್ಟ್ರೊಲಿಟಿಕ್ ಬಗೆಯದು. ಅದರೊಳಗಿನ ಅಲ್ಯೂಮಿನಿಯಂ ಹಾಳೆಯ ಮೇಲಿನ ತೆಳು ಆಕ್ಸೈಡ್ ಪದರವೇ ವೋಲ್ಟೇಜನ್ನು ತಡೆದು ನಿಲ್ಲಿಸುವುದು. ವರ್ಷಗಟ್ಟಲೆ ಬಳಸದಿದ್ದರೆ ಈ ಪದರ ದುರ್ಬಲವಾಗಿ ಚಾರ್ಜ್ ಸೋರುತ್ತದೆ. ಕರೆಂಟ್ ಹರಿದಂತೆ ಪದರ ಮತ್ತೆ ಬಲಗೊಳ್ಳುತ್ತದೆ.

ಮೊದಲ ಸಲ ಸ್ವಿಚ್ ಹಾಕಿದಾಗ ರೆಡಿ ದೀಪ ಹತ್ತಲು ಅರ್ಧ ನಿಮಿಷಕ್ಕೂ ಹೆಚ್ಚು ಹಿಡಿದರೆ ಗಾಬರಿಯಾಗಬೇಕಿಲ್ಲ. ದೀಪ ಹತ್ತಿದ ಮೇಲೆ ಬೆಳಗಿಸದೆ ಕೆಲವು ನಿಮಿಷ ಹಾಗೇ ಬಿಟ್ಟು, ನಂತರ ಕಡಿಮೆ ಶಕ್ತಿಯಲ್ಲಿ ಒಂದೊಂದಾಗಿ ಬೆಳಗಿಸುತ್ತ ಹೋದರೆ ಪ್ರತಿ ಸಲವೂ ತುಂಬುವ ಸಮಯ ಇಳಿಯುತ್ತದೆ. ಇಳಿಯದೆ ಹೋದರೆ, ಇಲ್ಲವೇ ಕೆಪಾಸಿಟರ್ ಇರುವ ಭಾಗ ಬಿಸಿಯಾದರೆ, ವಾಸನೆ ಬಂದರೆ, ಕೂಡಲೇ ನಿಲ್ಲಿಸಿ ಸೆಲ್ ತೆಗೆಯಬೇಕು. ಮೂರು ತಿಂಗಳಿಗೊಮ್ಮೆಯಾದರೂ ಹತ್ತು ನಿಮಿಷ ಫ್ಲ್ಯಾಶ್ ಹಾಕಿಡಬೇಕೆಂದು ಮೆಟ್ಸ್ ತನ್ನ ಪುಸ್ತಿಕೆಗಳಲ್ಲಿ ಹೇಳಿದ್ದು ಇದೇ ಕಾರಣಕ್ಕೆ.

ಹಳೆಯ ಫ್ಲ್ಯಾಶನ್ನು ಡಿಜಿಟಲ್ ಕ್ಯಾಮೆರಾಕ್ಕೆ ಹಾಕುವವರು ಇನ್ನೊಂದು ಪರೀಕ್ಷೆ ಮಾಡಲೇಬೇಕು. ಹಿಂದಿನ ಕ್ಯಾಮೆರಾಗಳಲ್ಲಿ ಫ್ಲ್ಯಾಶಿಗೆ ಸನ್ನೆ ಕೊಡುತ್ತಿದ್ದದ್ದು ಲೋಹದ ಸ್ವಿಚ್; ಅದು 200-250 ವೋಲ್ಟನ್ನೂ ತಾಳಿಕೊಳ್ಳುತ್ತಿತ್ತು. ಈಗಿನವುಗಳಲ್ಲಿ ಆ ಕೆಲಸ ಎಲೆಕ್ಟ್ರಾನಿಕ್ ಸ್ವಿಚ್ಚಿನದು. ಅಂತರರಾಷ್ಟ್ರೀಯ ಮಾನದಂಡವೊಂದು ಈ ಸ್ವಿಚ್ಚಿನ ಮೇಲೆ ಫ್ಲ್ಯಾಶ್ ಹೇರುವ ವೋಲ್ಟೇಜಿಗೆ 24 ವೋಲ್ಟ್‌ನ ಮಿತಿ ಹಾಕಿದೆ, ಕೆಲವು ಕ್ಯಾಮೆರಾಗಳ ಮಿತಿ 6 ವೋಲ್ಟ್ ಮಾತ್ರ. ವಿವಿಟಾರ್ 283ರ ಮೊದಮೊದಲ ಘಟಕಗಳಲ್ಲಿ ಈ ವೋಲ್ಟೇಜ್ 200 ವೋಲ್ಟ್ ಮೀರುತ್ತಿತ್ತು, ನಂತರದವುಗಳಲ್ಲಿ ಹತ್ತರ ಆಸುಪಾಸಿಗೆ ಇಳಿಯಿತು. ಮೇಲ್ನೋಟಕ್ಕೆ ಎರಡೂ ಒಂದೇ. ಹೀಗಾಗಿ ಫ್ಲ್ಯಾಶ್ ತುಂಬಿ ದೀಪ ಹತ್ತಿದಾಗ ಅದರ ಪಾದದ ನಡುವಿನ ಬಿಂದುವಿಗೂ ಪಕ್ಕದ ಲೋಹಕ್ಕೂ ನಡುವೆ ವೋಲ್ಟೇಜ್ ಅಳೆದು, ಕ್ಯಾಮೆರಾದ ಪುಸ್ತಿಕೆಯಲ್ಲಿರುವ ಮಿತಿಯೊಂದಿಗೆ ಹೋಲಿಸಬೇಕು. ಹೆಚ್ಚಿದ್ದರೆ ರೇಡಿಯೊ ಟ್ರಿಗರ್ ಅಥವಾ ವೋಲ್ಟೇಜ್ ತಗ್ಗಿಸುವ ಅಡಾಪ್ಟರ್ ಮೂಲಕವೇ ಬಳಸಬೇಕು.

ಹಳೆಯ ಸೆಲ್‌ಗಳ ವಿಲೇವಾರಿ

ಎಲ್ಲ ಹಳೆಯ ಫ್ಲ್ಯಾಶೂ ಈ ಶ್ರಮಕ್ಕೆ ತಕ್ಕದ್ದಲ್ಲ. ಎಎ ಸೆಲ್ ಹಾಕುವ ಅಥವಾ ಪ್ಯಾಕ್ ತೆಗೆಯಬಹುದಾದ ಒಳ್ಳೆಯ ಫ್ಲ್ಯಾಶ್‌ಗೆ ಸೆಲ್ ಬದಲಿಸುವುದು ಖಂಡಿತ ಲಾಭದ ಕೆಲಸ. ಒಳಗೆ ಬೆಸೆದ ಸೆಲ್‌ಗಳ, ಕಡಿಮೆ ಶಕ್ತಿಯ ಸಣ್ಣ ಫ್ಲ್ಯಾಶ್‌ಗೆ ರಿಪೇರಿಯ ಖರ್ಚು ಫ್ಲ್ಯಾಶಿನ ಬೆಲೆಯನ್ನೇ ಮೀರಬಹುದು. ಸೆಲ್ ಸೋರಿ ಸರ್ಕ್ಯೂಟ್ ಬೋರ್ಡಿನ ತಾಮ್ರವನ್ನು ತಿಂದಿದ್ದರೆ ಬಿಟ್ಟುಬಿಡುವುದೇ ವಿವೇಕ.

ತೆಗೆದ ಹಳೆಯ ಸೆಲ್‌ಗಳನ್ನು ಮಾತ್ರ ಮನೆಯ ಕಸಕ್ಕೆ ಸೇರಿಸಬಾರದು. ನಿಕಲ್-ಕ್ಯಾಡ್ಮಿಯಂ ಸೆಲ್‌ಗಳಲ್ಲಿನ ಕ್ಯಾಡ್ಮಿಯಂ ವಿಷ. ಜಪಾನಿನ ಜಿಂಝೂ ನದಿಯ ದಂಡೆಯಲ್ಲಿ ಮೂಳೆಗಳನ್ನು ಕರಗಿಸಿ ಜನರನ್ನು ನರಳಿಸಿದ 'ಇತಾಯ್-ಇತಾಯ್' ರೋಗಕ್ಕೆ ಗಣಿಯಿಂದ ನೀರಿಗೆ, ನೀರಿನಿಂದ ಅಕ್ಕಿಗೆ ಸೇರಿದ ಕ್ಯಾಡ್ಮಿಯಂ ಕಾರಣ ಎಂದು ಅಲ್ಲಿನ ಸರ್ಕಾರ 1968ರಲ್ಲಿ ಒಪ್ಪಿಕೊಂಡಿತು. ಯುರೋಪಿಯನ್ ಒಕ್ಕೂಟ 2006ರ ನಿರ್ದೇಶನದ ಮೂಲಕ ಸಣ್ಣ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಬಳಕೆಯನ್ನು ಬಹುಮಟ್ಟಿಗೆ ನಿಲ್ಲಿಸಿತು. ಭಾರತದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಸೆಲ್‌ಗಳಿಗೂ ಅನ್ವಯಿಸುತ್ತವೆ. ಬಳಸಿದ ಸೆಲ್‌ಗಳನ್ನು ಬೇರೆ ಕಸದೊಂದಿಗೆ ಬೆರೆಸದೆ, ಸಂಗ್ರಹಿಸುವವರಿಗೆ ಅಥವಾ ಮರುಬಳಕೆ ಮಾಡುವವರಿಗೆ ತಲುಪಿಸುವುದು ಬಳಕೆದಾರರ ಹೊಣೆ ಎಂದು ಅವು ಹೇಳುತ್ತವೆ. ಹಳೆಯ ಸೆಲ್‌ಗಳ ಎರಡೂ ತುದಿಗಳಿಗೆ ಟೇಪ್ ಅಂಟಿಸಿ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ, ಹತ್ತಿರದ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಟ್ಟ ಮೇಲೆಯೇ ಸೆಲ್ ಬದಲಿಸುವ ಕೆಲಸ ಪೂರ್ತಿಯಾದಂತೆ.